ಮಂಜೇಶ್ವರದ ಶಾಸಕರಿಗೆ ಬಹಿರಂಗ ಪತ್ರ: ನಮ್ಮ ಕನ್ನಡದ ಪ್ರಶ್ನೆಯನ್ನು ಕಾರ್ಮಿಕ ಇಲಾಖೆಗೂ ಒಯ್ಯಿರಿ

ಮಂಜೇಶ್ವರ ವಿಧಾನಸಭಾ ಕ್ಷೇತ್ರದ ಮಾನ್ಯ ಶಾಸಕರಿಗೆ, ಪೈವಳಿಕೆಯ ಮತದಾರನೊಬ್ಬನ ನಮಸ್ಕಾರಗಳು.

ಕೇರಳದ 140 ವಿಧಾನಸಭಾ ಕ್ಷೇತ್ರಗಳ ಪಟ್ಟಿಯಲ್ಲಿ ನಮ್ಮದು ಒಂದನೆಯ ಸಂಖ್ಯೆಯ ಕ್ಷೇತ್ರ. ತಿರುವನಂತಪುರದಲ್ಲಿ ಕುಳಿತವರ ಲೆಕ್ಕದಲ್ಲಿ ಮಾತ್ರ ಕಟ್ಟಕಡೆಯದು. 2016ರಲ್ಲಿ ಇಲ್ಲಿ ಗೆಲುವಿನ ಅಂತರ 89 ಮತಗಳಾಗಿದ್ದರೆ 2021ರಲ್ಲಿ 745. ಇಷ್ಟು ಸಣ್ಣ ಅಂತರದಲ್ಲಿ ಹಣೆಬರಹ ತೀರ್ಮಾನವಾಗುವ ಊರಾದ್ದರಿಂದ ಚುನಾವಣೆಯ ಹೊತ್ತಿಗೆ ಯಾವ ಪಕ್ಷದವರೂ ಕಾಲಿಡದ ಅಂಗಳ ನಮ್ಮಲ್ಲಿ ಉಳಿಯುವುದಿಲ್ಲ. ಬೀಡಿ ಕಟ್ಟುವವರ ಜಗಲಿಗೂ, ತೋಟದ ಕೆಲಸಕ್ಕೆ ಹೋಗುವವರ ಹತ್ತು ಸೆಂಟ್ಸಿನ ಮನೆಗೂ, ಕೊರಗರ ಕಾಲನಿಗೂ ಎಲ್ಲರೂ ಬರುತ್ತಾರೆ. ಆ ಮನೆಗಳ ಮಾತು ಮತ ಎಣಿಕೆಯಾದ ಮೇಲೆ ವಿಧಾನಸಭೆಯ ಕಾಗದಪತ್ರಗಳವರೆಗೆ ತಲಪುತ್ತದೆಯೇ ಎಂಬುದಷ್ಟೇ ಈ ಪತ್ರದ ವಿಷಯ. ಇದನ್ನು ಆ ಸ್ಥಾನಕ್ಕೆ ಬರೆಯುತ್ತಿದ್ದೇನೆಯೇ ಹೊರತು ಯಾವ ಪಕ್ಷಕ್ಕೂ ಅಲ್ಲ.

ಆ ಸ್ಥಾನದ ಇತಿಹಾಸ ತಮಗೆ ತಿಳಿಯದ್ದೇನಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ನಡೆದ ಮೊದಲ ಚುನಾವಣೆಯಲ್ಲಿ, ಅಂದರೆ 1957ರಲ್ಲಿ, ಎಂ. ಉಮೇಶ ರಾವ್ ಇಲ್ಲಿಂದ ಸ್ವತಂತ್ರ ಅಭ್ಯರ್ಥಿಯಾಗಿ ಅವಿರೋಧವಾಗಿ ಆಯ್ಕೆಯಾದರು. ಆನಂತರ ಕಳ್ಳಿಗೆ ಮಹಾಬಲ ಭಂಡಾರಿಯವರು ಬಂದರು. ಅಂದಿನ ಮತದಾರ ತಿರುವನಂತಪುರಕ್ಕೆ ಪ್ರತಿನಿಧಿಯನ್ನು ಕಳುಹಿಸುತ್ತಿದ್ದುದು ತಾನು ಅಲ್ಲಿಗೆ ಸೇರಿದವನಲ್ಲ ಎಂದು ಹೇಳಿಸುವುದಕ್ಕೆ. ಅದೇ ವರ್ಷಗಳಲ್ಲಿ ಕಾಸರಗೋಡು ಲೋಕಸಭಾ ಕ್ಷೇತ್ರದಿಂದ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ 1957, 1962 ಮತ್ತು 1967ರಲ್ಲಿ ಗೆದ್ದು ದಿಲ್ಲಿಗೆ ಹೋದರು. ಅವರ ಮಾತು ಕೂಲಿಯದು, ಗೇಣಿಯದು. ಮಹಾಜನ ಆಯೋಗ ಚಂದ್ರಗಿರಿ ಹೊಳೆಯಿಂದ ಬಡಗಿನ ಭಾಗ ಅಂದಿನ ಮೈಸೂರು ರಾಜ್ಯಕ್ಕೆ ಸೇರಬೇಕೆಂದು 1967ರಲ್ಲಿ ವರದಿ ಕೊಟ್ಟು, ಆ ವರದಿ ಕಪಾಟಿನಲ್ಲಿಯೇ ಉಳಿದ ಮೇಲೆ, 1970ರಲ್ಲಿ ಮಂಜೇಶ್ವರದವರು ಕಮ್ಯುನಿಸ್ಟ್ ಪಕ್ಷದ ಎಂ. ರಾಮಪ್ಪನವರನ್ನು, 1980ರಲ್ಲಿ ಡಾ. ಎ. ಸುಬ್ಬರಾವ್ ಅವರನ್ನು ಆರಿಸಿದರು. ಸುಬ್ಬರಾವ್ ಆ ವರ್ಷ ನೀರಾವರಿ ಸಚಿವರೂ ಆದರು. ಗಡಿಯ ಪ್ರಶ್ನೆ ಹಿಂದೆ ಸರಿದು ಭೂಮಿಯ ಪ್ರಶ್ನೆ ಮುಂದೆ ಬಂದಿತ್ತು.

ಅಂದಿನಿಂದ ಇಂದಿನವರೆಗೂ ನಮ್ಮಲ್ಲಿ ಇವೆರಡು ಬೇರೆ ಬೇರೆ ಕೋಣೆಗಳ ವಿಷಯಗಳಾಗಿಯೇ ನಡೆದುಬಂದಿವೆ. ಭಾಷೆಯ ಮಾತಿಗೆ ಸಮ್ಮೇಳನದ ವೇದಿಕೆ, ಶಾಲು, ಗೋವಿಂದ ಪೈಗಳ ಸ್ಮಾರಕವಾದ ಗಿಳಿವಿಂಡಿನ ಸಭೆ. ಕೂಲಿಯ ಮಾತಿಗೆ ಯೂನಿಯನ್ ಆಫೀಸು, ಕೆಂಪೋ ಹಸಿರೋ ಕೇಸರಿಯೋ ಆದ ಬಾವುಟ. ಆದರೆ ಗಡಿನಾಡಿನ ದುಡಿಯುವ ಮನೆಯೊಳಗೆ ಈ ಗೋಡೆ ಇಲ್ಲ. ಅಲ್ಲಿ ಭಾಷೆ ಗೊತ್ತಾಗದೆ ಕೂಲಿ ಹೋಗುತ್ತದೆ, ಪಿಂಚಣಿ ಹೋಗುತ್ತದೆ, ಪಟ್ಟಿಯಿಂದ ಹೆಸರು ಹೋಗುತ್ತದೆ. ಹೀಗಾಗಿ ಕನ್ನಡದ ಪ್ರಶ್ನೆಯನ್ನು ಸಂಸ್ಕೃತಿ ಇಲಾಖೆಯ ಬಾಗಿಲಿನಿಂದ ಎತ್ತಿ ಕಾರ್ಮಿಕ, ಆರೋಗ್ಯ ಮತ್ತು ಕಂದಾಯ ಇಲಾಖೆಗಳ ಬಾಗಿಲಿಗೂ ತಾವು ಒಯ್ಯಬೇಕೆಂಬುದು ನನ್ನ ಕೋರಿಕೆ.

ಹೊರಗಿನವರು ಇಲ್ಲಿ ಒಂದು ಸಂಗತಿಯನ್ನು ತಪ್ಪಾಗಿ ತಿಳಿಯುತ್ತಾರೆ. ಪೈವಳಿಕೆ, ಮೀಂಜ, ವರ್ಕಾಡಿ, ಎಣ್ಮಕಜೆ, ಪುತ್ತಿಗೆಯ ಮನೆಗಳಲ್ಲಿ ತುಳು, ಬ್ಯಾರಿ, ಮರಾಟಿ, ಕೊಂಕಣಿ, ಹವ್ಯಕ ಎಲ್ಲವೂ ಆಡುಮಾತು. ಪೇಟೆಯಲ್ಲಿ, ಬಸ್ಸಿನಲ್ಲಿ ಮಲಯಾಳವೂ ಸರಾಗ. ಓದು, ಬರಹ, ಸಹಿ ಮಾತ್ರ ಕನ್ನಡದ್ದು, ಏಕೆಂದರೆ ಶಾಲೆ ಕನ್ನಡದ್ದು. "ನಿಮಗೆ ಮಲಯಾಳ ಬರುತ್ತದಲ್ಲ" ಎಂದು ಕಚೇರಿಗಳಲ್ಲಿ ಹೇಳುವವರು ಮಾತು ಬರುವುದನ್ನೂ ಲಿಪಿ ಬರುವುದನ್ನೂ ಒಂದೇ ಎಂದು ಹಿಡಿದಿರುತ್ತಾರೆ. ಮಾತನಾಡಿ ಅರ್ಥ ಮಾಡಿಸಬಲ್ಲ ಹೆಂಗಸು, ತಾನು ಸಹಿ ಹಾಕುತ್ತಿರುವ ಕಾಗದದಲ್ಲಿ ಏನಿದೆ ಎಂದು ಓದಲಾರಳು.

ನಮ್ಮ ನೆರೆಯ ಅಕ್ಕ ಒಬ್ಬರು ಹುಡುಗಿಯಾಗಿದ್ದಾಗಿನಿಂದ ಬೀಡಿ ಕಟ್ಟಿದವರು. ನೆನೆಸಿದ ಎಲೆಗೆ ತಗಡಿನ ಅಳತೆಯಿಟ್ಟು ಕತ್ತರಿಸಿ, ಗೆರಸೆಯನ್ನು ತೊಡೆಯ ಮೇಲಿಟ್ಟುಕೊಂಡು, ಹೊಗೆಸೊಪ್ಪಿನ ಪುಡಿ ತುಂಬಿ ಸುತ್ತಿ, ನೂಲು ಬಿಗಿದು ತುದಿ ಮಡಚುವ ಅವರ ಕೈಯನ್ನು ನೋಡುತ್ತ ಕುಳಿತರೆ ಮಾತು ಮರೆತುಹೋಗುತ್ತದೆ. ಆ ಕೆಲಸವೇ ಅವರ ಬೆರಳಿನ ಗೆರೆಗಳನ್ನು ತಿಂದುಹಾಕಿದೆ. ಪಿಂಚಣಿಯ ಮಸ್ಟರಿಂಗಿಗೆಂದು, ಅಂದರೆ ಬದುಕಿದ್ದೇನೆ ಎಂದು ಬೆರಳೊತ್ತಿ ತೋರಿಸಲು, ಹೋದಾಗ ಯಂತ್ರ ಬೆರಳನ್ನು ಗುರುತಿಸಲಿಲ್ಲ. ತೋರುಬೆರಳು, ಹೆಬ್ಬೆರಳು, ಎಡಗೈ, ಬಲಗೈ, ಸೆರಗಿನಲ್ಲಿ ಒರೆಸಿಕೊಂಡು ಮತ್ತೊಮ್ಮೆ, ಎಲ್ಲವೂ ಆಯಿತು. ಬೆರಳು ಹಿಡಿಯದವರಿಗೆ ಬೇರೆ ದಾರಿಯಿದೆ ಎಂದು ಗೋಡೆಯ ಮೇಲೊಂದು ಸೂಚನೆ ಅಂಟಿಸಿತ್ತು, ಮಲಯಾಳದಲ್ಲಿ. ಅದರ ಕೆಳಗೇ ಕುಳಿತು ಮಧ್ಯಾಹ್ನದವರೆಗೆ ಕಾದು, ಆಗಲಿಲ್ಲವೆಂದು ಅವರು ಮನೆಗೆ ಬಂದರು. ಯಾರೂ ಅವರಿಗೆ ಕೆಟ್ಟದ್ದನ್ನು ಬಗೆಯಲಿಲ್ಲ, ಗದರಲೂ ಇಲ್ಲ. ಆದರೂ ಆ ತಿಂಗಳ ಹಣ ನಿಂತಿತು.

ಈ ಬೀಡಿಯ ಕಥೆಯಲ್ಲಿ ಶಾಸಕರು ಮಾಡಬಹುದಾದ ಕೆಲಸ ಎಷ್ಟಿದೆ ಎನ್ನುವುದಕ್ಕೆ ಹಿಂದಿನದೇ ಸಾಕ್ಷಿಯಿದೆ. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆಯನ್ನು ಕೇರಳ ಗಟ್ಟಿಯಾಗಿ ಜಾರಿಗೆ ತರಲು ಹೊರಟಾಗ, 1968ರಲ್ಲಿ, ಮಂಗಳೂರು ಮೂಲದ ಮಾಲಕರು ಕಣ್ಣೂರಿನ ಕಡೆಯ ಕೆಲಸವನ್ನೇ ನಿಲ್ಲಿಸಿದರು. ಕೆಲಸ ಕಳೆದುಕೊಂಡವರಿಗಾಗಿ 1969ರಲ್ಲಿ ಕಣ್ಣೂರಿನಲ್ಲಿ ದಿನೇಶ್ ಬೀಡಿ ಸಹಕಾರ ಸಂಘ ಹುಟ್ಟಿಕೊಂಡಿತು. ಗಡಿಯಾಚೆಯ ಬಂಡವಾಳ, ಗಡಿಯೀಚೆಯ ಕೈ ಎಂಬ ಈ ಏರ್ಪಾಡು ಮಂಜೇಶ್ವರದ ಮಟ್ಟಿಗೆ ಹಾಗೆಯೇ ಮುಂದುವರಿದಿದೆ. ಎಲೆ, ಪುಡಿ ಬರುವುದು ಮಂಗಳೂರಿನಿಂದ, ಕಟ್ಟಿದ ಬೀಡಿ ಹೋಗುವುದು ಅಲ್ಲಿಗೆ, ನಡುವೆ ಬ್ರಾಂಚು ನಡೆಸುವ ಕಂಟ್ರಾಕ್ಟುದಾರ. ಸಾವಿರ ಬೀಡಿಗೆ ಯಾವ ರಾಜ್ಯದ ಮಜೂರಿ ಎಂದು ಕೇಳಿದರೆ ಪ್ರತಿಯೊಬ್ಬರೂ ಇನ್ನೊಬ್ಬರತ್ತ ಕೈ ತೋರಿಸುತ್ತಾರೆ.

ಕಾರ್ಮಿಕರ ಮಕ್ಕಳ ವಿದ್ಯಾರ್ಥಿವೇತನಕ್ಕೂ ಚಿಕಿತ್ಸೆಗೂ ಮನೆಗೂ ಆಧಾರವಾಗಿದ್ದ ಬೀಡಿ ಸೆಸ್ 1976ರ ಕಾಯ್ದೆಯಿಂದ ಬಂದದ್ದು. 2017ರಲ್ಲಿ ಜಿಎಸ್‌ಟಿ ಬರುವಾಗ ಅದು ರದ್ದಾಯಿತು. ಭವಿಷ್ಯನಿಧಿಯ ಪಿಂಚಣಿಗೆ 2014ರ ಸೆಪ್ಟೆಂಬರಿನಲ್ಲಿ ತಿಂಗಳಿಗೆ 1,000 ರೂಪಾಯಿಯ ಕನಿಷ್ಠ ಮೊತ್ತ ನಿಗದಿಯಾಯಿತು, ಹತ್ತು ವರ್ಷ ಕಳೆದ ಮೇಲೂ ಅದು ಅಲ್ಲಿಯೇ ನಿಂತಿತ್ತು. ಇವು ದಿಲ್ಲಿಯ ವಿಷಯಗಳು, ಶಾಸಕರೇನು ಮಾಡಿಯಾರು ಎಂದು ಹೇಳಬಹುದು. ಹೌದು, ಆದರೆ 1966ರ ಆ ಕಾಯ್ದೆಯನ್ನೇ ತನ್ನೊಳಗೆ ಸೇರಿಸಿಕೊಂಡ ಹೊಸ ಕಾರ್ಮಿಕ ಸಂಹಿತೆಗಳು 2025ರ ನವೆಂಬರಿನಿಂದ ಜಾರಿಗೆ ಬಂದಿವೆ, ಮತ್ತು ಅವುಗಳಡಿಯಲ್ಲಿ ನಿಯಮ ರೂಪಿಸುವ ಅಧಿಕಾರದ ಒಂದು ಪಾಲು ರಾಜ್ಯಗಳಿಗಿದೆ. ಇಂಥ ನಿಯಮಗಳ ಕರಡು ಗಜೆಟಿನಲ್ಲಿ ಬಂದಾಗ ಆಕ್ಷೇಪ ಸಲ್ಲಿಸಲು ಒಂದು ಅವಧಿ ಇರುತ್ತದೆ. ಆ ಕರಡಿನಲ್ಲಿ ಬೀಡಿ ಕಟ್ಟುವವರಿಗೆ ಸಂಬಂಧಿಸಿದ ಭಾಗವಾದರೂ ಕನ್ನಡದಲ್ಲಿ ಈ ಎಂಟು ಪಂಚಾಯತುಗಳ ಕಚೇರಿಗಳಲ್ಲಿ ಸಿಗಬೇಕು ಎಂದು ತಾವು ಸದನದಲ್ಲಿ ಒತ್ತಾಯಿಸಿದರೆ, ಮನೆಯಲ್ಲಿ ಕುಳಿತು ದುಡಿಯುವ ಹೆಂಗಸನ್ನು ಕಾರ್ಮಿಕಳೆಂದು ಲೆಕ್ಕಕ್ಕೆ ಹಿಡಿಯಲಾಗಿದೆಯೋ ಇಲ್ಲವೋ ಎಂದು ಅವಳೇ ಓದಿ ತಿಳಿಯಬಹುದು.

ಇದು ದಯೆಯ ಮಾತಲ್ಲ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯ ಮೂರನೆಯ ಸೆಕ್ಷನ್ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ಸೆಕ್ರೆಟರಿಯೇಟಿನೊಂದಿಗೆ, ಇಲಾಖಾ ಮುಖ್ಯಸ್ಥರೊಂದಿಗೆ, ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿತವಾದೆಡೆಯ ಸ್ಥಳೀಯ ಸರಕಾರಿ ಕಚೇರಿಗಳೊಂದಿಗೆ ತಮ್ಮ ಭಾಷೆಯಲ್ಲಿ ಪತ್ರ ವ್ಯವಹರಿಸುವ ಹಕ್ಕನ್ನು ಕೊಟ್ಟಿದೆ. ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು ಎಂದಿದೆ. ಅರ್ಜಿಯನ್ನು ಕನ್ನಡದಲ್ಲಿ ಬರೆಯಬಹುದು ಎನ್ನುವಷ್ಟು ಎಲ್ಲರಿಗೂ ಗೊತ್ತು. ಉತ್ತರದ ವಿಷಯ ಯಾರೂ ಕೇಳುವುದಿಲ್ಲ. ಕಳೆದ ವರ್ಷ ಮಂಜೇಶ್ವರ ತಾಲೂಕಿನ ಕಚೇರಿಗಳಿಗೆ ಬಂದ ಕನ್ನಡ ಅರ್ಜಿಗಳು ಎಷ್ಟು, ಅವುಗಳಲ್ಲಿ ಕನ್ನಡದಲ್ಲಿ ಉತ್ತರ ಹೋದದ್ದು ಎಷ್ಟಕ್ಕೆ, ಇಲಾಖಾವಾರು ಲೆಕ್ಕ ಕೊಡಿ ಎಂದು ತಾವೊಂದು ಲಿಖಿತ ಪ್ರಶ್ನೆ ಹಾಕಿದರೆ ಸಾಕು. ಮಂತ್ರಿಗಳು ಸದನದಲ್ಲಿ ಎದ್ದು ಉತ್ತರಿಸಬೇಕಾದ ಚುಕ್ಕಿ ಗುರುತಿನ ಪ್ರಶ್ನೆಯೇ ಆಗಬೇಕೆಂದಿಲ್ಲ, ಟಿವಿಯಲ್ಲಿ ಬರಬೇಕೆಂದೂ ಇಲ್ಲ. ಲೆಕ್ಕವೇ ಇಟ್ಟಿಲ್ಲ ಎಂಬ ಉತ್ತರ ಬಂದರೂ ಅದು ನಮಗೊಂದು ದಾಖಲೆ. ಅದನ್ನು ಹಿಡಿದು ಮುಂದೆ ಹೋಗಬಹುದು. 2021ರಲ್ಲಿ ಈ ಕ್ಷೇತ್ರದ ಶಾಸಕರು ಕನ್ನಡದಲ್ಲಿ ಪ್ರಮಾಣವಚನ ಸ್ವೀಕರಿಸಿದಾಗ ನಮಗೆಲ್ಲ ಸಂತೋಷವಾಗಿತ್ತು. ಪ್ರಮಾಣವಚನ ಒಂದು ದಿನದ್ದು, ಪ್ರಶ್ನೋತ್ತರ ಐದು ವರ್ಷದ್ದು.

ಎಣ್ಮಕಜೆಯ ವಿಷಯವನ್ನು ಬರೆಯದೆ ಈ ಪತ್ರ ಮುಗಿಸುವುದು ಸರಿಯಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದು ಸರಕಾರದ್ದೇ ನಿಗಮ. ಅದು ನಿಂತದ್ದು 2000ದ ಹೊತ್ತಿಗೆ. ಪಡ್ರೆಯ ವೈದ್ಯರೊಬ್ಬರೂ ಊರಿನ ಪತ್ರಕರ್ತರೂ ಮೊದಲಾಗಿ ಕೂಗಿ ಹೇಳಿದಾಗ ಅದನ್ನು ಕೇಳಿಸಿಕೊಳ್ಳುವುದಕ್ಕೇ ವರ್ಷಗಳು ಹಿಡಿದವು. ಸುಪ್ರೀಂ ಕೋರ್ಟು 2017ರ ಜನವರಿ 10ರಂದು ಪ್ರತಿ ಸಂತ್ರಸ್ತರಿಗೆ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಆದೇಶಿಸಿತು, 2022ರ ಮೇ ತಿಂಗಳಲ್ಲಿ ಅದೇ ಕೋರ್ಟು ವಿಳಂಬಕ್ಕಾಗಿ ಸರಕಾರವನ್ನು ತರಾಟೆಗೆ ತೆಗೆದುಕೊಳ್ಳಬೇಕಾಯಿತು. ಇಲ್ಲಿಯೂ ತಕರಾರು ಕೊನೆಗೆ ಬಂದು ನಿಲ್ಲುವುದು ಪಟ್ಟಿಯಲ್ಲಿ. ಯಾರ ಹೆಸರು ಸೇರಿತು, ಯಾರದು ಬಿಟ್ಟಿತು, ಬಿಟ್ಟದ್ದಕ್ಕೆ ವೈದ್ಯಕೀಯ ಕಾರಣವೇನು ಎಂಬುದನ್ನು ಕೂಲಿಗೆ ಹೋಗುವ ತಾಯಿಗೆ ಅವಳು ಓದಬಲ್ಲ ಭಾಷೆಯಲ್ಲಿ, ಮೇಲ್ಮನವಿಯ ದಾರಿಯ ಸಹಿತ, ಬರೆದುಕೊಡಬೇಕು. ಕಾರಣ ತಿಳಿಯದವಳು ಯಾವುದರ ಮೇಲೆ ಮೇಲ್ಮನವಿ ಹಾಕಬೇಕು?

ಆಸ್ಪತ್ರೆಯ ಮಾತು ಹೊಸದಲ್ಲ. ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ ಶಂಕುಸ್ಥಾಪನೆಯಾದದ್ದು 2013ರಲ್ಲಿ. 2020ರಲ್ಲಿ ತಲಪಾಡಿಯ ಗಡಿಗೆ ಮಣ್ಣು ಹಾಕಿ ಮುಚ್ಚಿ, ಮಂಗಳೂರಿಗೆ ಹೋಗಲಾಗದೆ ರೋಗಿಗಳು ಪ್ರಾಣ ಕಳೆದುಕೊಂಡ ಮೇಲೆ ಆ ಕಟ್ಟಡವನ್ನು ತುರ್ತಾಗಿ ಕೊವಿಡ್ ಆಸ್ಪತ್ರೆ ಮಾಡಲಾಯಿತು. ಅದು ಪೂರ್ಣ ಆಸ್ಪತ್ರೆಯಾಗುವವರೆಗೆ ಪ್ರತಿ ಅಧಿವೇಶನದಲ್ಲಿಯೂ ಕೇಳುತ್ತಿರಿ ಎಂದಷ್ಟೇ ಹೇಳುತ್ತೇನೆ.

ಶಾಸಕರ ನಿಧಿಯಿಂದ ಹೈಮಾಸ್ಟ್ ದೀಪಗಳು ಬಂದಿವೆ, ಬಸ್ ತಂಗುದಾಣಗಳು ಬಂದಿವೆ, ತಂಗುದಾಣಗಳ ಮೇಲೆ ಶಾಸಕರ ಹೆಸರುಗಳೂ ಬಂದಿವೆ. (ಬಸ್ಸು ಬಂದರೆ ಇನ್ನೂ ಒಳ್ಳೆಯದಿತ್ತು.) ಜಾತ್ರೆ, ಉರೂಸು, ಕಂಬಳ, ಮದುವೆ ಯಾವುದಕ್ಕೂ ಶಾಸಕರು ತಪ್ಪಿಸಿಕೊಳ್ಳುವಂತಿಲ್ಲ ಎಂಬುದು ನಮ್ಮ ಊರಿನ ರೂಢಿ, ಅದರಲ್ಲಿ ತಪ್ಪು ನಮ್ಮದೂ ಇದೆ, ಮದುವೆಗೆ ಬಾರದ ಶಾಸಕನನ್ನು ನಾವು ನೆನಪಿಟ್ಟುಕೊಳ್ಳುತ್ತೇವೆ, ಮಸೂದೆಗಳನ್ನು ಪರಿಶೀಲಿಸುವ ವಿಧಾನಸಭೆಯ ಸಬ್ಜೆಕ್ಟ್ ಕಮಿಟಿಯ ಸಭೆಗೆ ಹೋಗದವನನ್ನು ಅಲ್ಲ. ಆದರೆ ಮಸೂದೆಯ ಒಂದು ವಾಕ್ಯ ಬದಲಾಗುವುದು ಆ ಕಮಿಟಿಯ ಮೇಜಿನಲ್ಲಿ, ಮಂಟಪದಲ್ಲಲ್ಲ. ಸಂವಿಧಾನದ 210ನೆಯ ವಿಧಿಯಂತೆ, ಸದನದ ಭಾಷೆಗಳಲ್ಲಿ ಸರಿಯಾಗಿ ಹೇಳಲಾಗದ ಸದಸ್ಯರಿಗೆ ಮಾತೃಭಾಷೆಯಲ್ಲಿ ಮಾತನಾಡಲು ಸ್ಪೀಕರ್ ಅನುಮತಿ ಕೊಡಬಹುದು. ತಮಗೆ ಮಲಯಾಳ ಚೆನ್ನಾಗಿ ಬರುವುದಾದರೆ ಮಲಯಾಳದಲ್ಲಿಯೇ ಮಾತನಾಡಿ, ನನ್ನ ತಕರಾರಿಲ್ಲ; ಮಂತ್ರಿಗಳಿಗೆ ನೇರವಾಗಿ ತಾಗಲಿ. ಕೇಳಿದ ಪ್ರಶ್ನೆ ಮತ್ತು ಬಂದ ಉತ್ತರ ಕನ್ನಡದಲ್ಲಿ ನಮ್ಮ ಪಂಚಾಯತಿನ ಫಲಕಕ್ಕೆ ಬರಲಿ.

ಕನ್ನಡ ಮತ್ತು ಮಲಯಾಳ ಎರಡೂ ಬಲ್ಲವರಿಗೆಂದು ಮೀಸಲಾದ ಹುದ್ದೆಗಳ ವಿಷಯದಲ್ಲಿಯೂ ಇದೇ ಬಗೆಯ ಎಚ್ಚರ ಬೇಕು. ಕನ್ನಡ ಓದಲಾರದ ಅಧ್ಯಾಪಕರು ಕನ್ನಡ ಶಾಲೆಗೆ ಬಂದಾಗ ಹೆತ್ತವರು ಬೀದಿಗಿಳಿಯುತ್ತಾರೆ, ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ. ಕನ್ನಡ ಓದಲಾರದ ಗುಮಾಸ್ತರು ವಿಲ್ಲೇಜ್ ಆಫೀಸಿಗೆ ಬಂದಾಗ ಯಾರೂ ಬೀದಿಗಿಳಿಯುವುದಿಲ್ಲ. ಅಲ್ಲಿಗೆ ಜಾತಿ ಸರ್ಟಿಫಿಕೇಟಿಗೆ, ಜಾಗದ ತೆರಿಗೆಗೆ ಬರುವವರು ಒಬ್ಬೊಬ್ಬರಾಗಿಯೇ ಬರುತ್ತಾರೆ, ಒಬ್ಬೊಬ್ಬರಾಗಿಯೇ ಹಿಂದೆ ಹೋಗುತ್ತಾರೆ. ಬುಟ್ಟಿ ಹೆಣೆದು ಬದುಕುವ ಕೊರಗರ ಮನೆಯಿಂದ ಹೈಸ್ಕೂಲು ದಾಟಿದ ಮಗುವಿನ ಮುಂದಿನ ಓದು ಇಂಥದೊಂದು ಸರ್ಟಿಫಿಕೇಟಿನ ಮೇಲೆ ನಿಂತಿರುತ್ತದೆ.

ಈ ಪತ್ರದಲ್ಲಿರುವುದನ್ನೆಲ್ಲ ಒಂದೇ ಅಧಿವೇಶನದಲ್ಲಿ ಮಾಡಿ ಎಂದು ಕೇಳುತ್ತಿಲ್ಲ. ಮುಂದಿನ ಅಧಿವೇಶನದಲ್ಲಿ ಮೂರನೆಯ ಸೆಕ್ಷನಿನ ಕುರಿತ ಆ ಒಂದು ಲಿಖಿತ ಪ್ರಶ್ನೆ ಹೋಗಲಿ. ಅದಕ್ಕೆ ಮೊದಲು ಪೈವಳಿಕೆಯಲ್ಲಿ ಬೀಡಿ ಕಟ್ಟುವವರನ್ನು, ತೋಟದ ಕೆಲಸದವರನ್ನು ಒಮ್ಮೆ ಕೂರಿಸಿ ಮಾತನಾಡಿಸಿ. ವೇದಿಕೆ, ಮೈಕು, ಸನ್ಮಾನ ಯಾವುದೂ ಬೇಡ, ಕಾರ್ಮಿಕ ಇಲಾಖೆಯ ಒಬ್ಬರು ಅಧಿಕಾರಿ ಮತ್ತು ಕನ್ನಡದಲ್ಲಿ ಬರೆದುಕೊಳ್ಳಬಲ್ಲ ಒಬ್ಬರು ತಮ್ಮ ಜೊತೆಗಿದ್ದರೆ ಆಯಿತು. ಸಭೆಯನ್ನು ಮಧ್ಯಾಹ್ನದ ಮೇಲೆ ಇಡಿ. ಬೆಳಿಗ್ಗೆ ಅವರು ಬ್ರಾಂಚಿಗೆ ಬೀಡಿ ಕೊಡಲು ಹೋಗಬೇಕು, ಅದು ತಪ್ಪಿದರೆ ಮರುದಿನಕ್ಕೆ ಎಲೆ ಸಿಗುವುದಿಲ್ಲ.

ವಿಶ್ವಾಸದೊಂದಿಗೆ,
ಪೈವಳಿಕೆಯ ಒಬ್ಬ ಮತದಾರ