ಬೈಗುಳ ಅವಳೊಬ್ಬಳಿಗೇ ಏಕೆ?

ಮಾನ್ಯರೇ,

ಪಾಕಿಸ್ತಾನದ ಉರ್ದು ಧಾರಾವಾಹಿ ‘ಮೇರೇ ಪಾಸ್ ತುಮ್ ಹೋ’ದ ಕೊನೆಯ ಕಂತು 2020ರ ಜನವರಿಯಲ್ಲಿ ಚಿತ್ರಮಂದಿರಗಳಲ್ಲೂ ತೆರೆಕಂಡಿತ್ತು. ನಟನೆಯ ಬಗ್ಗೆ ನನ್ನ ತಕರಾರಿಲ್ಲ; ದಾನಿಶ್ ಪಾತ್ರದಲ್ಲಿ ಹುಮಾಯೂನ್ ಸಯೀದ್ ಕಣ್ಣು ತುಂಬಿಸುತ್ತಾರೆ. ಆದರೆ ಗಂಡನನ್ನು ಬಿಟ್ಟು ಸಿರಿವಂತನೊಡನೆ ಹೋದ ಮೆಹ್ವಿಶ್‌ಳನ್ನು ಆ ಗಂಡ ದಾನಿಶ್ ‘ದೋ ಟಕೇ ಕೀ ಔರತ್’, ಅಂದರೆ ಎರಡು ಕಾಸಿನ ಹೆಂಗಸು ಎಂದು ಜರಿದದ್ದು ಮನೆಮಾತಾಯಿತಲ್ಲ, ಅದು ಮನಸ್ಸನ್ನು ಕೊರೆಯುತ್ತದೆ. ಹೆಂಡತಿಯಿದ್ದೂ ಮೆಹ್ವಿಶ್‌ಳನ್ನು ಸೆಳೆದ ಆ ಸಿರಿವಂತ ಶಹವಾರ್‌ಗೆ ಅಂಥ ಹೆಸರು ಅಂಟಲೇ ಇಲ್ಲ. ಅವಳು ತಪ್ಪು ಮಾಡಿದಳು, ನಿಜ. ಅವಳ ಮನಸ್ಸು ಏಕೆ ಹಾಗೆ ಜಾರಿತೆಂದು ಕಥೆ ತಾಳ್ಮೆಯಿಂದ ಕೇಳಲಿಲ್ಲ. ತಂದೆ ತಾಯಿಯ ನಡುವೆ ನಲುಗಿದ ಪುಟ್ಟ ರೂಮಿಯ ನೋವು ನನಗೆ ಇನ್ನೂ ಮರೆತಿಲ್ಲ.

— ಓರ್ವ ಓದುಗಾರ್ತಿ, ಕಲಬುರಗಿ