ಬರೆಯುವ ಮೊದಲು ಬಾಟಲಿ ತೊಳೆಯುವ ಕಡೆ ಹೋಗು

ಪ್ರೀತಿಯ ಪುಟ್ಟಿಗೆ ಅತ್ತೆಯ ಆಶೀರ್ವಾದಗಳು.

ನಿನ್ನ ಪತ್ರ ಕೈಸೇರಿ ನಾಲ್ಕು ದಿನವಾಯಿತು. ಜಾಹೀರಾತು ಸಂಸ್ಥೆಯಲ್ಲಿ ಕೆಲಸ ಸಿಕ್ಕಿದೆ, ಸೇರಿದ ತಿಂಗಳಲ್ಲೇ ಒಂದು ಬ್ರೂವರಿಯ, ಅಂದರೆ ಬಿಯರ್ ಕಾರ್ಖಾನೆಯ, ಕೆಲಸ ನಿನ್ನ ಮೇಜಿಗೆ ಬಂದಿದೆ ಎಂದು ಓದಿ ತುಂಬ ಸಂತೋಷಪಟ್ಟೆ. "ಅತ್ತೆ, ನೀವು ಬಿಯರ್ ಲ್ಯಾಬಿನಲ್ಲೇ 26 ವರ್ಷ ಕಳೆದವರು, ಹಳೆಯ ಜಾಹೀರಾತುಗಳ ಚರಿತ್ರೆ ಗೊತ್ತಿದ್ದಷ್ಟು ಬರೆದು ಕಳಿಸಿ" ಎಂದು ಕೇಳಿದ್ದೀಯ. ಗೊತ್ತಿದ್ದದ್ದನ್ನೆಲ್ಲ ಬರೆಯಹೊರಟರೆ ಈ ಪತ್ರ ಮುಗಿಯುವುದಿಲ್ಲ. ನಿನಗೆ ಬೇಕಾದದ್ದು ಒಂದೇ ಮಾತು: ಪದ ಹುಡುಕುತ್ತಾ ಮೇಜಿನ ಮುಂದೆ ಕೂರಬೇಡ. ಬ್ರೂವರಿಯೊಳಗೆ ಹೋಗು, ಅಲ್ಲಿ ಕೈಗಳು ಏನು ಮಾಡುತ್ತಿವೆಯೋ ನೋಡು. ನೀನು ಬರೆಯಬೇಕಾದದ್ದು ಅಲ್ಲೇ ಇದೆ.

ಈ ಮಾತಿಗೆ ಅಮೆರಿಕದ ಮಿಲ್ವಾಕಿಯ ಷ್ಲಿಟ್ಜ್ ಬ್ರೂವರಿಯ ಕಥೆಗಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ. ಆಗ ಬಿಯರ್ ಮಾಡುವವರೆಲ್ಲ "ಶುದ್ಧ", "ಶುದ್ಧ" ಎಂದು ಕೂಗುತ್ತಿದ್ದರು. ಒಂದು ಕಂಪನಿ ಆ ಪದವನ್ನು ದಪ್ಪ ಅಕ್ಷರದಲ್ಲಿ ಹಾಕಿದರೆ ಇನ್ನೊಂದು ಅದಕ್ಕಿಂತ ದಪ್ಪ ಅಕ್ಷರದಲ್ಲಿ ಹಾಕುತ್ತಿತ್ತು. ಓದುವವರಿಗೆ ಅದು ಬರೀ ಸದ್ದು. ಷ್ಲಿಟ್ಜ್‌ಗಾಗಿ ಜಾಹೀರಾತು ಬರೆಯಲು ಬಂದ ಕ್ಲಾಡ್ ಹಾಪ್ಕಿನ್ಸ್ ಮೊದಲು ಬ್ರೂವರಿಯನ್ನು ಸುತ್ತಿ ನೋಡಿದ. ಗಾಜಿನ ಗೋಡೆಗಳ ಕೋಣೆಯಲ್ಲಿ, ಶೋಧಿಸಿದ ಗಾಳಿಯಲ್ಲಿ, ಬಿಯರ್ ಕೊಳವೆಗಳ ಮೇಲೆ ತೊಟ್ಟಿಕ್ಕಿ ತಣಿಯುತ್ತಿತ್ತು. ಬಿಳಿ ಮರದ ತಿರುಳು ತುಂಬಿದ ದೊಡ್ಡ ಶೋಧಕಗಳಿದ್ದವು. ಬಾಟಲಿಗಳನ್ನು ಯಂತ್ರ ನಾಲ್ಕು ಸಲ ತೊಳೆಯುತ್ತಿತ್ತು. ಮಿಷಿಗನ್ ಸರೋವರದ ದಡದಲ್ಲೇ ಇದ್ದರೂ ನೀರಿಗಾಗಿ 4,000 ಅಡಿ ಆಳದ ಬಾವಿ ತೋಡಿಸಿದ್ದರು. ಬಿಯರನ್ನು ಹುದುಗಿಸುವ ಮೂಲ ಯೀಸ್ಟ್ ಅನ್ನು 1,200 ಪ್ರಯೋಗಗಳ ನಂತರ ಆರಿಸಿದ್ದರು. ಇದನ್ನೆಲ್ಲ ಜನರಿಗೆ ಯಾಕೆ ಹೇಳುವುದಿಲ್ಲ ಎಂದು ಕೇಳಿದರೆ, ಎಲ್ಲರೂ ಹೀಗೇ ಮಾಡುತ್ತಾರಲ್ಲ ಎಂಬ ಉತ್ತರ ಬಂತಂತೆ. ಎಲ್ಲರೂ ಮಾಡುತ್ತಿದ್ದರು, ಆದರೆ ಯಾರೂ ಹೇಳಿರಲಿಲ್ಲ. ಹಾಪ್ಕಿನ್ಸ್ ಕಂಡದ್ದನ್ನು ಕಂಡಂತೆ ಬರೆದ. ಐದನೆಯ ಸ್ಥಾನದಲ್ಲಿದ್ದ ಷ್ಲಿಟ್ಜ್ ಕೆಲವೇ ತಿಂಗಳಲ್ಲಿ ಮೊದಲ ಸ್ಥಾನಕ್ಕೆ ಸರಿಸಮವಾಗಿ ನಿಂತಿತು ಎಂದು ಅವನೇ 1927ರ ತನ್ನ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ.

ಈ ಕಥೆಯನ್ನು ಜಾಣತನದ ಕಥೆಯೆಂದು ಹೇಳುವವರು ಬಹಳ. ಊರಿಗೆಲ್ಲ ಸೇರಿದ್ದನ್ನು ತನ್ನದೆಂದು ಮೊದಲು ಹೇಳಿದವನು ಗೆದ್ದ ಎಂದು ನಿನಗೂ ಕಲಿಸಿರುತ್ತಾರೆ. ನನಗೆ ಅದರಲ್ಲಿ ಕಾಣುವುದು ಬೇರೆ. ಅವನಿಗೆ ಬರೆಯಲು ಸಿಕ್ಕಿದ್ದು ಆ ಬಾಟಲಿಗಳು ನಿಜವಾಗಿ ನಾಲ್ಕು ಸಲ ತೊಳೆಯಲ್ಪಡುತ್ತಿದ್ದುದರಿಂದ.

ಬಾಟಲಿ ತೊಳೆಯುವುದೆಂದರೆ ಏನೆಂದು ನನಗೆ ಗೊತ್ತು. ವಾಪಸು ಬಂದ ಬಾಟಲಿಗಳು ಬಿಸಿ ಕಾಸ್ಟಿಕ್ ಸೋಡಾದಲ್ಲಿ ನೆನೆದು, ನೀರಿನ ಚಿಮ್ಮುಗಳ ಕೆಳಗೆ ಹಾದು ಬರುತ್ತವೆ. ಕೊನೆಯ ಬಾಟಲಿಯ ತಳದಲ್ಲಿ ಉಳಿದ ನಾಲ್ಕು ಹನಿ ನೀರಿಗೆ ಫಿನಾಲ್ಫ್ತಲೀನ್ ಒಂದು ತೊಟ್ಟು ಬಿಡಬೇಕು. ಬಣ್ಣ ಬರದಿದ್ದರೆ ಸರಿ. ಗುಲಾಬಿ ಬಣ್ಣ ತಿರುಗಿದರೆ ಕಾಸ್ಟಿಕ್ ಉಳಿದಿದೆ ಎಂದರ್ಥ. ನಾನು ಕೆಲಸಕ್ಕೆ ಸೇರಿದ ಎರಡನೆಯ ವರ್ಷ, ಹಬ್ಬದ ಬೇಡಿಕೆಯ ಒತ್ತಡದಲ್ಲಿ, ರಾತ್ರಿ ಪಾಳಿಯಲ್ಲಿ ಆ ತೊಟ್ಟು ಗುಲಾಬಿಯಾಯಿತು. ಚಿಮ್ಮುವ ತೂತುಗಳಲ್ಲಿ ಮೂರು ಕಟ್ಟಿಕೊಂಡಿದ್ದವು. ಮೇಲಿನವರು "ತೆಳು ಬಣ್ಣ ತಾನೆ, ಬಿಡು" ಎಂದರು. ನಾನು ಬಿಡಲಿಲ್ಲ, ಲೈನ್ ನಿಲ್ಲಿಸಿದೆ. ಬೆಳಗಿನ ತನಕ ಬೈಗುಳ ತಿಂದೆ. ಆ ರಾತ್ರಿ ಪಕ್ಕದಲ್ಲಿ ಜೋಡಿಸಿಟ್ಟಿದ್ದ ಲೇಬಲ್‌ಗಳ ಮೇಲೆ "ಪರಿಶುದ್ಧ" ಎಂದೇ ಅಚ್ಚಾಗಿತ್ತು. ಆ ಪದ ಬರೆದವರು ಯಾರೋ, ಅದನ್ನು ನಿಜ ಮಾಡುವ ಕೆಲಸ ಆ ಹೊತ್ತಿನಲ್ಲಿ ನನ್ನ ಕೈಲಿತ್ತು. ನೀನು ಇನ್ನು ಮೇಲೆ ಬರೆಯುವ ಪ್ರತಿ ಪದವನ್ನೂ ಹೀಗೆ ಯಾರೋ ಒಬ್ಬರು ರಾತ್ರಿ ಪಾಳಿಯಲ್ಲಿ ಹೊರಬೇಕಾಗುತ್ತದೆ. ಅವರನ್ನು ಮೊದಲೇ ಹೋಗಿ ಕಾಣು.

ಗುರುತಿನ ವಿಷಯವೂ ಹೀಗೆಯೇ. 1876ರ ಜನವರಿ 1ರಂದು ಬ್ರಿಟನ್ನಿನಲ್ಲಿ ಟ್ರೇಡ್‌ಮಾರ್ಕ್ ನೋಂದಣಿ ಆರಂಭವಾದಾಗ ಮೊದಲ ಸಂಖ್ಯೆ ಪಡೆದದ್ದು ಬರ್ಟನ್ ಊರಿನ ಬಾಸ್ ಬ್ರೂವರಿಯ ಕೆಂಪು ತ್ರಿಕೋನ. ಫ್ರೆಂಚ್ ಚಿತ್ರಕಾರ ಮಾನೆ 1882ರಲ್ಲಿ ಪ್ಯಾರಿಸ್ಸಿನ ಒಂದು ಬಾರಿನ ಚಿತ್ರ ಬರೆದಾಗ ಅಲ್ಲಿನ ಬಾಟಲಿಗಳ ಮೇಲೂ ಆ ತ್ರಿಕೋನವಿದೆ. ಅಷ್ಟು ದೂರ ಅದನ್ನು ಒಯ್ದದ್ದು ಕೆಂಪು ಬಣ್ಣವೊಂದೇ ಅಲ್ಲ. ಬರ್ಟನ್ನಿನ ಬಾವಿಗಳ ನೀರಿನಲ್ಲಿ ಜಿಪ್ಸಮ್ ಎಂಬ ಖನಿಜ ಹೇರಳ. ಆ ನೀರಿಗೆ ಬಿಯರಿನಲ್ಲಿ ಹಾಕುವ ಹಾಪ್ಸ್ ಹೂವಿನ ಕಹಿ ಚೊಕ್ಕವಾಗಿ ಏಳುತ್ತದೆ, ತಿಳಿಬಣ್ಣದ ಏಲ್ ಎಂಬ ಬಿಯರ್ ಒಪ್ಪವಾಗಿ ಬರುತ್ತದೆ. ಬೇರೆ ಊರಿನವರು ತಮ್ಮ ನೀರಿಗೆ ಜಿಪ್ಸಮ್ ಬೆರೆಸಿ ಅದನ್ನೇ ತರಲು ನೋಡಿದರು. ತ್ರಿಕೋನವನ್ನು ಮೂರು ಗೆರೆಯಲ್ಲಿ ಯಾರು ಬೇಕಾದರೂ ಎಳೆಯಬಹುದಿತ್ತು, ನಕಲು ಮಾಡಿದವರೂ ಇದ್ದರು. ಕಾನೂನಿನ ಕಾವಲು ಬೇಕಾದದ್ದು ಅದಕ್ಕೇ.

ಬಣ್ಣವೂ ಒಂದು ಜಾಹೀರಾತೇ, ಗೊತ್ತಾ? ಲಂಡನ್ನಿನಲ್ಲಿ ಪೋರ್ಟರ್ ಎಂಬ ಬಿಯರ್ ಕುಡಿಯುವವರಿಗೆ ಆ ಕಡುಗಂದು ಬಣ್ಣವೇ ಗುಣದ ಗುರುತಾಗಿತ್ತು. 1784ರಲ್ಲಿ ಜಾನ್ ರಿಚರ್ಡ್‌ಸನ್ ಸಕ್ಕರೆಯ ಅಂಶ ಅಳೆಯುವ ಸ್ಯಾಕರೋಮೀಟರ್ ಬಗ್ಗೆ ಪುಸ್ತಕ ತಂದ. ಆ ಉಪಕರಣ ಹಿಡಿದು ಮಾಲ್ಟನ್ನು, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು, ಅಳೆದಾಗ ಅಗ್ಗದ ಕಂದು ಮಾಲ್ಟಿಗಿಂತ ದುಬಾರಿಯ ತಿಳಿ ಮಾಲ್ಟಿನಲ್ಲೇ ಸಾರ ಹೆಚ್ಚು, ಲೆಕ್ಕ ಹಾಕಿದರೆ ಅದೇ ಲಾಭ ಎಂದು ತಿಳಿಯಿತು. ಎಲ್ಲರೂ ತಿಳಿ ಮಾಲ್ಟಿಗೆ ಹೊರಳಿದರು, ಬಣ್ಣ ಹೋಯಿತು. ಬಣ್ಣ ತರಿಸಲು ಸುಟ್ಟ ಸಕ್ಕರೆಯಿಂದ ಹಿಡಿದು ಏನೇನೋ ಬೆರೆತವು. 1816ರಲ್ಲಿ ಅದನ್ನೂ ಕಾನೂನು ತಡೆಯಿತು. 1817ರಲ್ಲಿ ಡೇನಿಯಲ್ ವೀಲರ್ ಎಂಬಾತ ಕಾಫಿ ಹುರಿಯುವಂಥ ತಿರುಗುವ ಡ್ರಮ್ಮಿನಲ್ಲಿ ಮಾಲ್ಟನ್ನು ಕಪ್ಪಾಗುವ ತನಕ ಹುರಿದು ಪೇಟೆಂಟ್ ಪಡೆದ. ಒಂದು ಹಿಡಿ ಸಾಕು, ಇಡೀ ಹಂಡೆ ಕಪ್ಪಗಾಗುತ್ತದೆ. ಇಂದಿನ ಸ್ಟೌಟ್ ಎಂಬ ಬಿಯರಿನ ಕಪ್ಪು ಈ ಡ್ರಮ್ಮಿನ ಸಂತಾನ. ಅಳತೆಗೋಲು ಬಂದು ಬಣ್ಣ ಕಳೆದದ್ದು, ಬಣ್ಣಕ್ಕಾಗಿ ಮೋಸ ಬಂದದ್ದು, ಮೋಸ ತಡೆದ ಮೇಲೆ ಹೊಸ ಯಂತ್ರ ಹುಟ್ಟಿದ್ದು, ಇವು ಒಂದರ ಹಿಂದೊಂದು ಬಂದವು. ನೀನು ಯಾವುದಾದರೂ ಬಿಯರಿನ ಬಣ್ಣವನ್ನು ಹೊಗಳುವ ಮೊದಲು ಅದು ಎಲ್ಲಿಂದ ಬಂತೆಂದು ಕೇಳು.

ಬಾಟಲಿಯ ಮುಚ್ಚಳವನ್ನು ಒಮ್ಮೆ ಕೈಯಲ್ಲಿಟ್ಟುಕೊಂಡು ಹಲ್ಲು ಎಣಿಸು. 21 ಬರುತ್ತದೆ. ಬಾಲ್ಟಿಮೋರಿನ ವಿಲಿಯಂ ಪೇಂಟರ್ 1892ರಲ್ಲಿ ಪೇಟೆಂಟ್ ಪಡೆದಾಗ 24 ಇದ್ದವು. ಅದಕ್ಕೂ ಮುಂಚೆ ಬಿರಡೆ, ತಂತಿ, ರಬ್ಬರು ಹೀಗೆ ನೂರಾರು ಬಗೆಯ ಮುಚ್ಚಳಗಳು. ಸೋರುವುದು, ಗ್ಯಾಸ್ ಹೋಗುವುದು ಮಾಮೂಲು. ತಗಡಿನ ಬಿಲ್ಲೆ, ಒಳಗೊಂದು ತೆಳು ಬಿರಡೆಯ ಪದರ, ಅಂಚನ್ನು ಒತ್ತಿ ಹಿಡಿಯುವ ಹಲ್ಲುಗಳು, ಇಷ್ಟೇ. ಅಲ್ಲಿಂದ ಮುಂದೆ ಬಿಯರ್ ತನ್ನ ಗುಳ್ಳೆಗಳನ್ನು ಕಳೆದುಕೊಳ್ಳದೆ ದೂರ ಹೋಗತೊಡಗಿತು. ಬ್ರೂವರಿಯ ಹೆಸರು ಬರೆಯಲು ಬೆರಳಗಲದ ಒಂದು ಜಾಗವೂ ಸಿಕ್ಕಿತು.

ಡಬ್ಬಿಯ ಕಥೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. 1935ರ ಜನವರಿ 24ರಂದು ಅಮೆರಿಕದ ರಿಚ್ಮಂಡ್‌ನಲ್ಲಿ ಕ್ರೂಗರ್ ಬ್ರೂವರಿಯ ಡಬ್ಬಿ ಬಿಯರ್ ಮೊದಲು ಮಾರಾಟಕ್ಕೆ ಬಂತು. ತಗಡಿನ ರುಚಿ ಬರುತ್ತದೆಂಬ ಭಯ ಹೋಗಲಾಡಿಸಬೇಕಿತ್ತು. ಒಳಗೆ ಬಳಿದ ಲೇಪನಕ್ಕೆ "ಕೆಗ್‌ಲೈನ್ಡ್" ಎಂದು ಹೆಸರಿಟ್ಟು, ಕೆಗ್ ಅಂದರೆ ಪೀಪಾಯಿಯ ನೆನಪನ್ನೇ ಡಬ್ಬಿಯೊಳಕ್ಕೆ ತಂದರು. ಒಳ್ಳೆಯ ಹೆಸರು. ಲೇಪನ ನಿಜವಾಗಿಯೂ ಕೆಲಸ ಮಾಡುತ್ತಿತ್ತು, ಹೆಸರು ನಿಂತಿತು.

ನನ್ನ ಮನಸ್ಸಿಗೆ ಅತ್ಯಂತ ಹತ್ತಿರವಾದದ್ದು ಡೆನ್ಮಾರ್ಕಿನದು. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಬ್ರೂವರಿಯ ಜೆ. ಸಿ. ಯಾಕಬ್ಸನ್ 1875ರಲ್ಲಿ ಒಂದು ಪ್ರಯೋಗಾಲಯ ತೆರೆದರು. ಅಲ್ಲಿನ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸನ್, ಬಿಯರ್ ಕೆಡಲು ಕಾಡು ಯೀಸ್ಟ್‌ಗಳೂ ಕಾರಣ ಎಂದು ಕಂಡುಕೊಂಡು, 1883ರಲ್ಲಿ ಒಂದೇ ಜೀವಕೋಶದಿಂದ ಶುದ್ಧ ಯೀಸ್ಟ್ ಬೆಳೆಸಿದರು. ಪೇಟೆಂಟ್ ಮಾಡಿಸಿ ಪೆಟ್ಟಿಗೆಯಲ್ಲಿ ಬೀಗ ಹಾಕಿಡಬಹುದಿತ್ತು. ಅವರು ಹಾಗೆ ಮಾಡದೆ ವಿಧಾನವನ್ನು ಪ್ರಕಟಿಸಿದರು, ಯೀಸ್ಟನ್ನು ಬೇರೆ ಬ್ರೂವರಿಗಳಿಗೂ ಹಂಚಿದರು. ಆ ಯೀಸ್ಟ್‌ಗೆ ವಿಜ್ಞಾನ ಕಾರ್ಲ್ಸ್‌ಬರ್ಗೆನ್ಸಿಸ್ ಎಂದು ಹೆಸರಿಟ್ಟಿತು. ನಾನು ಓದಿದ ಪಠ್ಯಪುಸ್ತಕಗಳಲ್ಲೆಲ್ಲ ಆ ಹೆಸರಿತ್ತು. ಮುಂದೆ 1909ರಲ್ಲಿ ಅದೇ ಪ್ರಯೋಗಾಲಯದಲ್ಲಿ ಸೋರೆನ್ಸನ್ ಹುಳಿ, ಕ್ಷಾರ ತಿಳಿಸುವ ಪಿಎಚ್ ಅಳತೆಯನ್ನು ಕೊಟ್ಟರು. ಹಣ ಕೊಟ್ಟು ಬರೆಸಿದ ಯಾವ ಸಾಲು ಒಂದು ಬ್ರೂವರಿಗೆ ಇಷ್ಟು ದೊಡ್ಡ ಹೆಸರು ತಂದುಕೊಟ್ಟಿದೆ ಹೇಳು.

ಇನ್ನು ಗಿನ್ನೆಸ್. 1759ರಲ್ಲಿ ಡಬ್ಲಿನ್ನಿನಲ್ಲಿ ಆರಂಭವಾದ ಈ ಬ್ರೂವರಿ ಬ್ರಿಟನ್ನಿನಲ್ಲಿ ದೊಡ್ಡ ಪತ್ರಿಕಾ ಜಾಹೀರಾತಿಗೆ ಇಳಿದದ್ದು 1929ರಲ್ಲಿ. "ಗಿನ್ನೆಸ್ ನಿಮಗೆ ಒಳ್ಳೆಯದು" ಎಂಬ ಸಾಲು ಆಗ ಬಂತು. ಕುಡಿಯುವವರನ್ನು ಕೇಳಿದಾಗ "ಕುಡಿದರೆ ಒಳ್ಳೆಯದೆನಿಸುತ್ತದೆ" ಎಂದರಂತೆ, ಅದೇ ಘೋಷಣೆಯಾಯಿತು. ಜಾನ್ ಗಿಲ್ರಾಯ್ ಬರೆದ ಟೂಕನ್ ಹಕ್ಕಿಯ ಪೋಸ್ಟರುಗಳು ನಿನಗೆ ಗೊತ್ತಿರುತ್ತವೆ. ಆ ರೇಖೆಗಳ ಚೆಲುವಿಗೆ ನಾನೂ ತಲೆದೂಗುತ್ತೇನೆ. ಆದರೆ ಆ ಸಾಲನ್ನು ನಾನು ಒಪ್ಪುವುದಿಲ್ಲ. ಅದೇ ಬ್ರೂವರಿಯಲ್ಲಿ ವಿಲಿಯಂ ಸೀಲಿ ಗಾಸೆಟ್ ಎಂಬ ರಸಾಯನಶಾಸ್ತ್ರಜ್ಞರಿದ್ದರು. ಬಾರ್ಲಿಯ, ಹಾಪ್ಸ್‌ನ ಕೆಲವೇ ಮಾದರಿಗಳನ್ನು ಪರೀಕ್ಷಿಸಿ ಇಡೀ ಬೆಳೆಯ ಬಗ್ಗೆ ಎಷ್ಟು ಧೈರ್ಯವಾಗಿ ಹೇಳಬಹುದು ಎಂಬುದು ಅವರ ಚಿಂತೆ. ಕಂಪನಿ ಸಿಬ್ಬಂದಿಯ ಹೆಸರಿನಲ್ಲಿ ಪ್ರಕಟಿಸಲು ಬಿಡುತ್ತಿರಲಿಲ್ಲವಾದ್ದರಿಂದ 1908ರಲ್ಲಿ "ಸ್ಟೂಡೆಂಟ್" ಎಂಬ ಹೆಸರಿನಲ್ಲಿ ತಮ್ಮ ಲೆಕ್ಕವನ್ನು ಅಚ್ಚು ಮಾಡಿಸಿದರು. ಇವತ್ತು ಔಷಧ ಪರೀಕ್ಷೆ ಮಾಡುವವರೂ ಬಳಸುವ ಟಿ-ಪರೀಕ್ಷೆ ಅದೇ. ಕೈಲಿರುವ ಪುರಾವೆ ಎಷ್ಟೋ ಅಷ್ಟೇ ಮಾತಾಡು ಎಂದು ಲೋಕಕ್ಕೆ ಲೆಕ್ಕ ಹಾಕಿ ತೋರಿಸಿದ ಮನೆಯಿಂದಲೇ ಆರೋಗ್ಯದ ಆ ಘೋಷಣೆಯೂ ಹೊರಟಿತು. ಮದ್ಯಕ್ಕೆ ಸುರಕ್ಷಿತ ಪ್ರಮಾಣ ಎಂಬುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ. ಪುಟ್ಟಿ, ಇದೊಂದನ್ನು ಮಾತ್ರ ಅಪ್ಪಣೆಯೆಂದೇ ತಿಳಿ: ಬಿಯರ್ ಮೈಗೆ ಒಳ್ಳೆಯದು ಎಂಬರ್ಥ ಬರುವ ಸಾಲು, ಎಳೆಯರ ಕಣ್ಣು ಸೆಳೆಯುವ ಚಿತ್ರ, ಇವೆರಡೂ ನಿನ್ನ ಕೈಯಿಂದ ಬರಬಾರದು. ಕೆಲಸ ಹೋದರೂ ಚಿಂತೆಯಿಲ್ಲ, ನಾನಿದ್ದೇನೆ.

ಹಾಗಾದರೆ ಮಾತಿಗೆ ಬೆಲೆಯೇ ಇಲ್ಲವೇ ಎಂದು ಕೇಳಬಹುದು. ಇದೆ. ಜೋಸೆಫ್ ಒವೇಡ್ಸ್ ಎಂಬ ಜೀವರಸಾಯನಶಾಸ್ತ್ರಜ್ಞ, ಯೀಸ್ಟ್ ತಿನ್ನಲಾಗದೆ ಬಿಡುವ ಪಿಷ್ಟದ ತುಣುಕುಗಳಾದ ಡೆಕ್ಸ್‌ಟ್ರಿನ್‌ಗಳನ್ನು ಕಿಣ್ವದಿಂದ ಒಡೆದು ಕಡಿಮೆ ಕ್ಯಾಲೊರಿಯ ಬಿಯರ್ ಮಾಡಿದರು. 1967ರಲ್ಲಿ ಅದನ್ನು ಗ್ಯಾಬ್ಲಿಂಗರ್ಸ್ ಎಂಬ ಹೆಸರಿನಲ್ಲಿ ತೂಕ ಇಳಿಸುವವರ ಬಿಯರ್ ಎಂದು ಮಾರಿದರು, ಯಾರಿಗೂ ಬೇಕಾಗಲಿಲ್ಲ. ಅದೇ ಬಗೆಯ ಬಿಯರನ್ನು ಮಿಲ್ಲರ್ ಕಂಪನಿ 1975ರಲ್ಲಿ ಅಮೆರಿಕದ ಉದ್ದಗಲಕ್ಕೂ ತಂದು, ನಿವೃತ್ತ ಆಟಗಾರರಿಂದ "ರುಚಿ ಜಾಸ್ತಿ", "ಹೊಟ್ಟೆ ಭಾರ ಕಮ್ಮಿ" ಎಂದು ಜಗಳವಾಡಿಸಿತು. ಬಿಯರ್ ಕುಡಿಯುವವರಿಗೆ ಬೇಕಾದದ್ದು ಪಥ್ಯವಲ್ಲ ಎಂದು ಅರಿತಿದ್ದವರು ಆ ಸಾಲು ಬರೆದರು. ಅದರಲ್ಲಿ ಸುಳ್ಳಿರಲಿಲ್ಲ. ಹೊಟ್ಟೆ ಭಾರ ಕಮ್ಮಿ ಮಾಡಿದ್ದು ಆ ಕಿಣ್ವ.

ಷ್ಲಿಟ್ಜ್ ಕಥೆಯ ಇನ್ನರ್ಧ ಹೇಳದಿದ್ದರೆ ನಾನು ನಿನಗೆ ಮೋಸ ಮಾಡಿದಂತೆ. 1970ರ ದಶಕದಲ್ಲಿ ಅದು ಅಮೆರಿಕದ ಎರಡನೆಯ ದೊಡ್ಡ ಬ್ರೂವರಿ. ಖರ್ಚು ಉಳಿಸಲು ಹುದುಗುವ ಸಮಯವನ್ನು ಕಡಿಮೆ ಮಾಡಿದರು, ಮಾಲ್ಟಿನ ಪಾಲು ತಗ್ಗಿಸಿ ಜೋಳದ ಸಿರಪ್ ಹಾಕಿದರು. ಆಮೇಲೆ ಬಿಯರ್ ಮಂಕಾಗದಂತೆ ಹಾಕುತ್ತಿದ್ದ ಪದಾರ್ಥವನ್ನೂ ಬದಲಿಸಿದರು. ಹೊಸದು ನೊರೆ ನಿಲ್ಲಿಸುವ ಪದಾರ್ಥಕ್ಕೆ ಹೊಂದಲಿಲ್ಲ. ಬಾಟಲಿಗಳಲ್ಲಿ ಬಿಳಿ ಚೂರುಗಳು ತೇಲತೊಡಗಿದವು. 1976ರಲ್ಲಿ ಸುಮಾರು 1 ಕೋಟಿ ಬಾಟಲಿ, ಡಬ್ಬಿಗಳನ್ನು ವಾಪಸು ತರಿಸಿ ನಾಶ ಮಾಡಬೇಕಾಯಿತು. ಮರುವರ್ಷ ದುಬಾರಿ ಟಿವಿ ಜಾಹೀರಾತುಗಳನ್ನು ಮಾಡಿಸಿದರು. ಅವುಗಳಲ್ಲಿ ಷ್ಲಿಟ್ಜ್ ಬಿಟ್ಟು ಬೇರೆ ಬಿಯರ್ ಕುಡಿ ಎಂದವರ ಮೇಲೆ ಗಟ್ಟಿಗರು ಗುರಾಯಿಸುತ್ತಿದ್ದರು. ಜನ ಹೆದರಿದರು, ಜಾಹೀರಾತು ಹಿಂದೆಗೆಯಲಾಯಿತು. 1981ರಲ್ಲಿ ಮಿಲ್ವಾಕಿಯ ಬ್ರೂವರಿ ಮುಚ್ಚಿತು, 1982ರಲ್ಲಿ ಕಂಪನಿ ಬೇರೆಯವರ ಪಾಲಾಯಿತು. ಇದನ್ನು ಮೊದಲು ಓದಿದಾಗ ಲ್ಯಾಬಿನಲ್ಲಿದ್ದವರ ಬಗ್ಗೆ ಯೋಚಿಸಿ ನನಗೆ ನಿದ್ದೆ ಬರಲಿಲ್ಲ. ಚೂರುಗಳು ತೇಲುವುದನ್ನು ಮೊದಲು ಕಂಡವರು ಅವರೇ ಅಲ್ಲವೇ.

ಮುಂದಿನ ವಾರ ಬ್ರೂವರಿಗೆ ಹೋಗುತ್ತೀಯಲ್ಲ, ಜಾರದ ಅಟ್ಟೆಯ ಷೂ ಹಾಕಿಕೊಂಡು ಹೋಗು, ನೆಲ ಯಾವಾಗಲೂ ಒದ್ದೆ. ಕಚೇರಿಯಲ್ಲಿ ತೋರಿಸುವ ಚಿತ್ರಗಳನ್ನು ನೋಡಿ ಎದ್ದು ಬರಬೇಡ. ಬಾಟಲಿ ತೊಳೆಯುವ ಯಂತ್ರದ ಕೊನೆಯಲ್ಲಿ ನಿಂತು, ಆ ಒಂದು ತೊಟ್ಟು ಬಿಟ್ಟು ತೋರಿಸಲು ಕೇಳು. ಬಣ್ಣವಿಲ್ಲದ ಗಾಜಿನ ಬಾಟಲಿ ಬೇಕೆಂದು ನಿಮ್ಮವರು ಹಟ ಹಿಡಿದಿದ್ದಾರೆ ಎಂದು ಬರೆದಿದ್ದೀಯ. ಎರಡು ಲೋಟಗಳಿಗೆ ಬಿಯರ್ ಬಗ್ಗಿಸಿ, ಒಂದನ್ನು ಮುಚ್ಚಿಟ್ಟು, ಇನ್ನೊಂದನ್ನು ಕಿಟಕಿಯ ಬಿಸಿಲಿನಲ್ಲಿ ಕಾಲು ಗಂಟೆ ಇಡು. ಆಮೇಲೆ ಎರಡನ್ನೂ ಮೂಸಿ ನೋಡಲು ಅವರಿಗೇ ಕೊಡು. ಬೆಳಕು ತಾಗಿದ ಹಾಪ್ಸ್‌ನಿಂದ ಏಳುವ ಆ ಗಬ್ಬುವಾಸನೆಯನ್ನು ಒಮ್ಮೆ ಮೂಸಿದವರು ಕಂದು ಗಾಜಿನ ಮೇಲೆ ವಾದ ಮಾಡುವುದಿಲ್ಲ. ಬೆಳಕಿಗೆ ಕೆಡದಂತೆ ಮಾರ್ಪಡಿಸಿದ ಹಾಪ್ಸ್ ಸಾರ ಬಳಸುತ್ತೇವೆ ಎಂದರೆ ಅದೂ ಒಂದು ದಾರಿ, ಅದನ್ನೂ ಬರೆದುಕೋ.

ಮೊದಲ ಕರಡು ಆದ ಕೂಡಲೇ ನನಗೆ ಕಳಿಸು. ಪ್ರತಿ ಸಾಲಿನ ಪಕ್ಕದಲ್ಲೂ "ಇದನ್ನು ಎಲ್ಲಿ ನೋಡಿದೆ?" ಎಂದು ಪೆನ್ಸಿಲಿನಲ್ಲಿ ಬರೆದು ವಾಪಸು ಕಳಿಸುತ್ತೇನೆ. ಉತ್ತರವಾಗಿ ಜಾಗದ ಹೆಸರು, ನೋಡಿದ ಹೊತ್ತು, ಅಲ್ಲಿದ್ದವರು ಹೇಳಿದ ಮಾತು ಇವಿಷ್ಟನ್ನು ಬರೆದರೆ ಸಾಕು.

ಇಂತಿ ನಿನ್ನ,
ಅತ್ತೆ