ತೂಕ ಇಳಿದ ಮೇಲೂ ಜೊತೆಗಿದ್ದವರಿಗೆ

ಎರಡನೇ ಆಪರೇಷನ್ ಆಗಿ ಈ ತಿಂಗಳಿಗೆ ಒಂದು ವರ್ಷ. ಹೋದ ವಾರ ರಕ್ತ ಪರೀಕ್ಷೆಯ ರಿಪೋರ್ಟ್ ಬಂತು. ಹಿಮೋಗ್ಲೋಬಿನ್ 12.1. ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ), ಬಿ12, ವಿಟಮಿನ್ ಡಿ, ಯಾವುದರ ಮುಂದೆಯೂ ಕೆಂಪು ಗುರುತಿಲ್ಲ. ಇಷ್ಟೂ ಒಟ್ಟಿಗೆ ಸರಿಯಾಗಿರುವ ರಿಪೋರ್ಟ್ ನೋಡಿ ಎಷ್ಟೋ ವರ್ಷವಾಗಿತ್ತು. ಒಬ್ಬೊಬ್ಬರ ಮನೆಗೂ ಹೋಗಿ ಹೇಳಬೇಕಾದ ಮಾತಿದೆ. ಆದರೆ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಸ್ಪೆಷಲ್ ಕ್ಲಾಸ್ ಶುರುವಾಗಿದೆ, ಬಿಡುವಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ನಾನು ದಾವಣಗೆರೆಯಲ್ಲಿ ಹೈಸ್ಕೂಲ್ ವಿಜ್ಞಾನ ಟೀಚರ್. 2016ರಲ್ಲಿ ಬೆಂಗಳೂರಿಗೆ ಹೋಗಿ ಗ್ಯಾಸ್ಟ್ರಿಕ್ ಬೈಪಾಸ್ ಅನ್ನುವ ತೂಕ ಇಳಿಸೋ ಆಪರೇಷನ್ ಮಾಡಿಸಿಕೊಂಡೆ. ಆಗ ನನ್ನ ತೂಕ 118 ಕೆಜಿ. ದಿನಕ್ಕೆರಡು ಸಲ ಇನ್ಸುಲಿನ್, ಬಿಪಿ ಮಾತ್ರೆ, ಸ್ಕೂಲಿನ ಮೆಟ್ಟಿಲು ಹತ್ತಿದರೆ ಏದುಸಿರು. ಒಂದೂವರೆ ವರ್ಷದಲ್ಲಿ 40 ಕೆಜಿ ಇಳಿಯಿತು, ಇನ್ಸುಲಿನ್ ನಿಂತಿತು. "ಏನ್ ಟೀಚರ್, ಗುರುತೇ ಸಿಗಲ್ಲ!" ಅಂತ ಊರೆಲ್ಲ ಹೊಗಳಿತು. ಹೊಗಳಿದವರಿಗೆಲ್ಲ ಆಗಲೇ ಥ್ಯಾಂಕ್ಸ್ ಹೇಳಿದ್ದಾಗಿದೆ. ಇದು ಅದಾದ ಮೇಲಿನ ವರ್ಷಗಳಲ್ಲಿ, ಹೊಗಳೋಕೆ ಏನೂ ಇಲ್ಲದಿದ್ದಾಗ ಜೊತೆಗಿದ್ದವರಿಗೆ.

ಆಪರೇಷನ್‌ನಲ್ಲಿ ಏನು ಮಾಡುತ್ತಾರೆ ಅಂತ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. (ಟೀಚರ್ ಬುದ್ಧಿ, ಸಹಿಸಿಕೊಳ್ಳಿ.) ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಯುವ ಚಿಕ್ಕ ಚೀಲವೊಂದನ್ನು ಉಳಿಸಿ, ಮಿಕ್ಕ ಜಠರವನ್ನು ಬೇರೆ ಮಾಡುತ್ತಾರೆ. ಸಣ್ಣ ಕರುಳನ್ನು ಕತ್ತರಿಸಿ, ಕೆಳಗಿನ ತುದಿಯನ್ನು ಮೇಲಕ್ಕೆ ತಂದು ಆ ಚೀಲಕ್ಕೆ ಜೋಡಿಸುತ್ತಾರೆ. ತಿಂದ ಅನ್ನ ಜಠರದ ಬಹುಪಾಲನ್ನೂ ಕರುಳಿನ ಮೊದಲ ಭಾಗವನ್ನೂ ಮುಟ್ಟದೆ ಮುಂದೆ ಹೋಗುತ್ತದೆ. ನಮ್ಮ ಮೈ ಕಬ್ಬಿಣವನ್ನು ಹೆಚ್ಚಾಗಿ ಹೀರಿಕೊಳ್ಳುವುದು ಆ ಮೊದಲ ಭಾಗದಲ್ಲೇ. ಕ್ಯಾಲ್ಸಿಯಂಗೂ ಅದು ಬೇಕು. ಹಾಗಾಗಿ ಮಾತ್ರೆ ತಪ್ಪದೆ ನುಂಗಿದರೂ ಕೆಲವರಿಗೆ ಕೊರತೆ ಬರುತ್ತದೆ. ನನಗೆ ಬಂತು.

ಮೊದಲು ಗಮನಿಸಿದ್ದು ನಮ್ಮ ಅತ್ತೆ. ನಾನು ಫ್ರಿಜ್ಜಿನ ಐಸ್ ತೆಗೆದು ಕಟಕಟ ಕಡಿಯುತ್ತಿದ್ದೆ, ಅಕ್ಕಿ ಆರಿಸುವಾಗ ಬಾಯಿಗೆ ಹಾಕಿಕೊಳ್ಳುತ್ತಿದ್ದೆ. "ಬಸುರಿ ಹೆಂಗಸರು ಹಿಂಗ್ ಮಾಡ್ತಾರೆ. ನಿಂಗೇನಾಗಿದೆ? ರಕ್ತ ತೋರ್ಸು" ಅಂದರು. ತೋರಿಸಿದರೆ ಹಿಮೋಗ್ಲೋಬಿನ್ 7.8. ಕಬ್ಬಿಣ ಕಡಿಮೆಯಾದಾಗ ಇಂಥ ಚಪಲ ಬರುತ್ತದೆ ಅಂತ ಡಾಕ್ಟರ್ ಆಮೇಲೆ ಹೇಳಿದರು. ಅತ್ತೆ ಓದಿದ್ದು ನಾಲ್ಕನೇ ಕ್ಲಾಸು.

ಇದೇ ಅತ್ತೆ ಮೊದಲ ಆಪರೇಷನ್‌ಗೆ ಹೊರಟಾಗ "ಉಣ್ಣೋದ್ ಕಮ್ಮಿ ಮಾಡಕ್ಕೆ ಹೊಟ್ಟೆ ಕೊಯ್ಸ್ಕಬೇಕೇನವ್ವ?" ಅಂತ ಮುಖ ತಿರುಗಿಸಿದ್ದರು. ನಮ್ಮದು ಮೊಟ್ಟೆ ಒಳಗೆ ಬಾರದ ಮನೆ. ಡಯಟಿಷಿಯನ್ ದಿನಕ್ಕೆ 60 ಗ್ರಾಂ ಪ್ರೋಟೀನ್ ಹೋಗಲೇಬೇಕು ಅಂದಿದ್ದರು. ಸಣ್ಣ ಬಟ್ಟಲು ತಿನ್ನುವಷ್ಟರಲ್ಲಿ ಹೊಟ್ಟೆ ತುಂಬುವವಳಿಗೆ ಬರೀ ಬೇಳೆಯಲ್ಲಿ ಅಷ್ಟು ತುಂಬಿಸುವುದು ಸುಲಭವಲ್ಲ. ಒಂದು ದಿನ ಸ್ಕೂಲಿಂದ ಬಂದರೆ ಹಿತ್ತಿಲಲ್ಲಿ ಸಿಂಗಲ್ ಬರ್ನರ್ ಸ್ಟೌ, ಹೊಸ ಪಾತ್ರೆ. "ಇಲ್ಲೇ ಬೇಯಿಸ್ಕೊ, ಇಲ್ಲೇ ತಿನ್ನು, ತೊಳೆದು ಇಲ್ಲೇ ಬೋರಲು ಹಾಕು" ಅಂದರು. ಅಷ್ಟೇ. ಅವರು ಇವತ್ತಿಗೂ ಆ ಪಾತ್ರೆ ಮುಟ್ಟಿಲ್ಲ. ಮೊಟ್ಟೆ ಖಾಲಿಯಾದರೆ ಮಾತ್ರ ಅಂಗಡಿಗೆ ಹೇಳಿ ಕಳಿಸುವವರು ಅವರೇ. ಅತ್ತೆ, ಇದನ್ನು ನಿಮ್ಮ ಮೊಮ್ಮಗ ಓದಿ ಹೇಳುತ್ತಾನೆ. ನೀವು ಇಲ್ಲದಿದ್ದರೆ ನಾನು ಎದ್ದು ನಿಲ್ಲುತ್ತಿರಲಿಲ್ಲ.

ಡಯಟಿಷಿಯನ್ ಮೇಡಂಗೂ ಇಲ್ಲೇ ಹೇಳಿಬಿಡುತ್ತೇನೆ. ಮೊದಲು ಬೇಳೆ, ಕಾಳು, ಪನೀರು, ಆಮೇಲೆ ಪಲ್ಯ, ಜಾಗ ಉಳಿದರೆ ರೊಟ್ಟಿ ಅಂದರು. ರೊಟ್ಟಿ ಕೊನೆಗೆ ಅಂದರೆ ನಮ್ಮ ಕಡೆ ಯಾರಾದರೂ ಒಪ್ಪುತ್ತಾರಾ? ಒಪ್ಪಿಸಿದರು. ಊಟದ ಜೊತೆ ನೀರು ಕುಡಿಯಬಾರದು, ಅರ್ಧ ಗಂಟೆ ಬಿಡಬೇಕು. ಕ್ಯಾಲ್ಸಿಯಂ ಕಾರ್ಬೊನೇಟ್ ಕರಗಲು ಆಮ್ಲ ಬೇಕು, ನನ್ನ ಪುಟ್ಟ ಚೀಲದಲ್ಲಿ ಅದು ಕಡಿಮೆ, ಆದ್ದರಿಂದ ಸಿಟ್ರೇಟ್ ತಗೊಳ್ಳಿ. ಕಬ್ಬಿಣಕ್ಕೂ ಕ್ಯಾಲ್ಸಿಯಂಗೂ ಎರಡು ಗಂಟೆ ಅಂತರ ಇರಲಿ. ಕಬ್ಬಿಣದ ಮಾತ್ರೆ ಜೊತೆ ಟೀ ಬೇಡ. ಇದೆಲ್ಲ ಕೇಳಿ ತಲೆ ಗಿರ್ರೆನ್ನುತ್ತಿತ್ತು. ಮಗ ಕೂತು ಮೊಬೈಲಿನಲ್ಲಿ ಒಂದೊಂದಕ್ಕೂ ಬೇರೆ ಬೇರೆ ಅಲಾರಾಂ ಹಾಕಿಕೊಟ್ಟ. ಕ್ಯಾಲ್ಸಿಯಂಗೆ ಕೋಳಿ ಕೂಗು.

ಮಾತ್ರೆಯಿಂದ ಕಬ್ಬಿಣ ಏರದಿದ್ದಾಗ ರಕ್ತನಾಳಕ್ಕೇ ಡ್ರಿಪ್ ಹಾಕಿ ಕೊಡಬೇಕಾಯಿತು. ನನ್ನ ನರ ಸಿಗುವುದೇ ಕಷ್ಟ. ಡೇ ಕೇರ್ ವಾರ್ಡಿನ ಸಿಸ್ಟರ್ ಒಬ್ಬರು ಇದ್ದಾರೆ, ಕೈಗೆ ಬಿಸಿನೀರಿನ ಬ್ಯಾಗ್ ಇಟ್ಟು, ಮಕ್ಕಳ ಸುದ್ದಿ ಕೇಳುತ್ತಾ ಕೇಳುತ್ತಾ ಸೂಜಿ ಹಾಕಿಬಿಡುತ್ತಾರೆ. ಅವರ ಡ್ಯೂಟಿ ಯಾವ ದಿನ ಅಂತ ಕೇಳಿಕೊಂಡೇ ನಾನು ಹೋಗುವುದು. ಸಿಸ್ಟರ್, ಹೆಸರು ಹಾಕಬೇಡಿ ಅಂದಿರಿ, ಹಾಕಿಲ್ಲ.

ಇನ್ನು ನಮ್ಮ ಸ್ಕೂಲು. ಒಂದು ದಿನ ಎರಡನೇ ಪೀರಿಯಡ್‌ನಲ್ಲಿ ಪಾಠ ಮಾಡುತ್ತಿದ್ದೆ. ಬೆಳಿಗ್ಗೆ ತಿಂದಿದ್ದು ಒಗ್ಗರಣೆ ಮಂಡಕ್ಕಿ, ಸಿಹಿಯೇನೂ ಅಲ್ಲ. ಇದ್ದಕ್ಕಿದ್ದಂತೆ ಬೆವರು, ಕೈ ನಡುಕ, ಹೇಳುತ್ತಿದ್ದ ವಾಕ್ಯ ಮುಗಿಸಲಾಗುತ್ತಿಲ್ಲ. ಮುಂದಿನ ಬೆಂಚಿನ ಹುಡುಗಿ ಸ್ಟಾಫ್ ರೂಮಿಗೆ ಓಡಿದಳು. ಪಿಟಿ ಮೇಷ್ಟ್ರಿಗೆ ಶುಗರ್ ಇದೆ, ಅವರ ಬ್ಯಾಗಿನಲ್ಲಿ ಗ್ಲುಕೋಮೀಟರ್ ಇರುತ್ತದೆ. ಚುಚ್ಚಿ ನೋಡಿದರೆ 48. ಶುಗರ್ ಹೋಯಿತು ಅಂತ ಊರೆಲ್ಲ ಹೊಗಳಿಸಿಕೊಂಡವಳಿಗೆ ಶುಗರ್ ಇಲ್ಲದೆಯೇ ಕಣ್ಣು ಕತ್ತಲೆ.

ಇದನ್ನು ಲೇಟ್ ಡಂಪಿಂಗ್ ಅನ್ನುತ್ತಾರೆ. ಮಂಡಕ್ಕಿಯಂಥ ಬೇಗ ಜೀರ್ಣವಾಗುವ ಪಿಷ್ಟದ ಪದಾರ್ಥ, ಸಿಹಿ ಒಮ್ಮೆಲೇ ಕರುಳಿಗಿಳಿಯುತ್ತದೆ. ರಕ್ತದ ಸಕ್ಕರೆ ದಿಢೀರ್ ಏರುತ್ತದೆ. ಮೈ ಅಗತ್ಯಕ್ಕಿಂತ ಜಾಸ್ತಿ ಇನ್ಸುಲಿನ್ ಬಿಡುತ್ತದೆ. ಊಟ ಆಗಿ ಒಂದರಿಂದ ಮೂರು ಗಂಟೆಯೊಳಗೆ ಸಕ್ಕರೆ ಪಾತಾಳಕ್ಕೆ. ಹಲವರಲ್ಲಿ ಇದು ಕಾಣಿಸುವುದು ಆಪರೇಷನ್ ಆದ ಮೊದಲ ವರ್ಷ ಕಳೆದ ಮೇಲೆ. ಅಂದರೆ ಚೆಕಪ್‌ಗೆ ಹೋಗುವುದು ಕಡಿಮೆಯಾಗಿ, ಎಲ್ಲರೂ ಇನ್ನೇನು ಮುಗಿಯಿತು ಅಂದುಕೊಂಡ ಹೊತ್ತಿಗೆ.

ಹೆಡ್‌ಮಾಸ್ಟರ್ ಮರುದಿನವೇ ಟೈಮ್‌ಟೇಬಲ್ ಬದಲಿಸಿದರು. ಈಗ ನನಗೆ ಎರಡನೇ ಪೀರಿಯಡ್ ಖಾಲಿ. ಹುರಿದ ಶೇಂಗಾ ನಾಲ್ಕು, ಒಂದು ತುಂಡು ಪನೀರು ತಿನ್ನುತ್ತೇನೆ. ಸ್ಟಾಫ್ ರೂಮಿನಲ್ಲಿ ಯಾರೂ "ಇಷ್ಟೇನಾ?" ಅಂತ ಕೇಳುವುದಿಲ್ಲ. ಕೇಳದೆ ಇರುವುದು ಎಷ್ಟು ದೊಡ್ಡ ಉಪಕಾರ ಅಂತ ಮದುವೆ ಮನೆಗೆ ಹೋಗಿ ಬಂದರೆ ಗೊತ್ತಾಗುತ್ತದೆ. ಪಂಕ್ತಿಯಲ್ಲಿ ಕೂತರೆ "ಇನ್ನೊಂದ್ ಹೋಳಿಗೆ, ನಮ್ ಮೇಲಾಣೆ" ಅಂತ ಎಲೆಗೆ ಹಾಕಿಯೇ ಬಿಡುತ್ತಾರೆ. ಪ್ರೀತಿಯೇ ಅದು, ಆದರೆ ಎಲೆಯಲ್ಲಿ ಬಿಟ್ಟರೆ ಸೊಕ್ಕು, ತಿಂದರೆ ಆಸ್ಪತ್ರೆ. ನಮ್ಮ ಓರಗಿತ್ತಿ ಈಗ ನನ್ನ ಪಕ್ಕದಲ್ಲೇ ಕೂರುತ್ತಾಳೆ, ಬಡಿಸಿದ್ದೆಲ್ಲ ಮೆಲ್ಲಗೆ ಅವಳ ಎಲೆಗೆ ಹೋಗುತ್ತದೆ. ತೂಕ ಏರಿದರೆ ನನ್ನ ಜವಾಬ್ದಾರಿ ಅಲ್ಲ ಕಣೇ.

ಮೂಲೆ ಮೆಡಿಕಲ್ ಶಾಪಿನ ತಮ್ಮನಿಗೆ ಒಂದು ದೊಡ್ಡ ನಮಸ್ಕಾರ. ಮಂಡಿ ನೋವಿಗೆ ತೋರಿಸಿದ ಕಡೆ ಡೈಕ್ಲೋಫೆನಾಕ್ ಬರೆದುಕೊಟ್ಟಿದ್ದರು. ಬೈಪಾಸ್ ಆಗಿದೆ ಅಂತ ಹೇಳಿದರೂ ಬರೆದರು. ಚೀಟಿ ನೋಡಿ ಇವನು "ಟೀಚರ್, ನಿಮ್ಗೆ ಇದು ಆಗಲ್ಲ ಅಲ್ವಾ? ಡಾಕ್ಟರ್‌ಗೆ ಒಂದ್ಸಲ ಫೋನ್ ಮಾಡಿ" ಅಂದ. ನಿಜ. ಅಂಥ ನೋವಿನ ಮಾತ್ರೆಗಳಿಂದ ಚೀಲಕ್ಕೂ ಕರುಳಿಗೂ ಹೊಲಿದ ಜಾಗದಲ್ಲಿ ಹುಣ್ಣಾಗುವ ಅಪಾಯವಿದೆ, ರಕ್ತ ಸೋರಬಹುದು. ಹುಣ್ಣಾಗುವ ಮುಂಚೆ ತಪ್ಪಿಸಿದವರ ಹೆಸರು ಯಾವ ಡಿಸ್ಚಾರ್ಜ್ ಸಮ್ಮರಿಯಲ್ಲೂ ಬರುವುದಿಲ್ಲ.

ಈಗ ಹೋದ ವರ್ಷದ ಆ ರಾತ್ರಿಗೆ ಬರುತ್ತೇನೆ.

ತಿಂಗಳುಗಟ್ಟಲೆ ಊಟವಾದ ಮೇಲೆ ಹೊಕ್ಕುಳ ಮೇಲೆ ನೋವು ಬಂದು ಹೋಗುತ್ತಿತ್ತು. ತೋರಿಸಿದ ಕಡೆಯೆಲ್ಲ ಗ್ಯಾಸು ಅಂದರು. ಎಂಡೋಸ್ಕೋಪಿ ನಾರ್ಮಲ್, ಹೊಟ್ಟೆ ಸ್ಕ್ಯಾನಿಂಗ್ ನಾರ್ಮಲ್. ಆ ರಾತ್ರಿ ಮಾತ್ರ ನೋವು ಬೆನ್ನಿಗೆ ದಾಟಿತು. ಮಲಗಲಾರೆ, ಕೂರಲಾರೆ. ಹತ್ತಿರದ ನರ್ಸಿಂಗ್ ಹೋಮಿಗೆ ಹೋದೆವು. ನಮ್ಮ ಯಜಮಾನರು ಗಾಬರಿಯಲ್ಲಿ "ಇವಳಿಗೆ ಬೈಪಾಸ್ ಆಗಿದೆ" ಅಂದರು. ಅಲ್ಲಿಯ ಡಾಕ್ಟರ್ ತಕ್ಷಣ ಇಸಿಜಿ ಮಾಡಿ "ಹಾರ್ಟ್ ಏನೂ ತೊಂದರೆ ಇಲ್ಲ, ಗ್ಯಾಸು" ಅಂತ ಇಂಜೆಕ್ಷನ್ ಕೊಟ್ಟು ಕಳಿಸಿದರು. ಈಗ ನೆನೆದರೆ ನಗು ಬರುತ್ತದೆ. ಆಗ ಬರಲಿಲ್ಲ.

ಇನ್ನೊಂದು ಆಸ್ಪತ್ರೆಯಲ್ಲಿ ನೈಟ್ ಡ್ಯೂಟಿಗಿದ್ದದ್ದು ಒಬ್ಬ ಹುಡುಗಿ. ನನ್ನ ಹಳೇ ವಿದ್ಯಾರ್ಥಿನಿಯರ ವಯಸ್ಸು. ಹೊಟ್ಟೆ ಒತ್ತಿ ನೋಡುವಾಗ ಸಣ್ಣ ಸಣ್ಣ ಹಳೇ ಗಾಯದ ಗುರುತು ಕಂಡು "ಆಂಟಿ, ಇದು ತೂಕ ಇಳಿಸೋ ಆಪರೇಷನ್ದಾ?" ಅಂತ ಕೇಳಿದಳು. ಹೂಂ ಅಂದದ್ದೇ ತಡ, ಸಿಟಿ ಸ್ಕ್ಯಾನ್‌ಗೆ ಬರೆದಳು, ಸರ್ಜನ್‌ಗೆ ಫೋನ್ ಮಾಡಿದಳು. ಬೆಳಗಾಗಲಿ ಅನ್ನಲಿಲ್ಲ. ಸ್ಕ್ಯಾನ್‌ನಲ್ಲಿ ಕರುಳಿನ ರಕ್ತನಾಳಗಳು ಬಚ್ಚಲ ತೂತಿನಲ್ಲಿ ನೀರು ಸುತ್ತಿ ಇಳಿಯುವ ಹಾಗೆ ಸುರುಳಿ ಸುತ್ತಿದ್ದವು.

ಇಂಟರ್ನಲ್ ಹರ್ನಿಯಾ. ಸರ್ಜನ್ ಆಮೇಲೆ ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಕರುಳನ್ನು ಹಿಡಿದಿಟ್ಟಿರುವ ಪದರದಲ್ಲಿ ಕೊಬ್ಬಿರುತ್ತದೆ. ತೂಕ ಇಳಿದಾಗ ಆ ಕೊಬ್ಬೂ ಕರಗುತ್ತದೆ. ಕರುಳಿನ ದಾರಿ ಬದಲಿಸಿದಾಗ ಆದ ಸಂದಿಗಳು ಆಗ ಅಗಲವಾಗುತ್ತವೆ. ಕರುಳು ಅದರೊಳಗೆ ನುಸುಳುತ್ತದೆ. ತಾನಾಗಿ ಹೊರಗೆ ಬಂದರೆ ನೋವು ಮಾಯ, ಟೆಸ್ಟೆಲ್ಲ ನಾರ್ಮಲ್. ಸಿಕ್ಕಿಕೊಂಡು ತಿರುಚಿದರೆ ರಕ್ತ ನಿಂತು ಕರುಳು ಸಾಯುತ್ತದೆ. ನನ್ನ ಕರುಳು ಸಿಕ್ಕಿಕೊಂಡ ಸಂದಿಗೆ ಪೀಟರ್ಸನ್ ಅಂತ ಹೆಸರಂತೆ. ಜರ್ಮನಿಯ ಸರ್ಜನ್ ಒಬ್ಬರು 1900ರಲ್ಲೇ ಅದರ ಬಗ್ಗೆ ಬರೆದಿಟ್ಟಿದ್ದರು. ಗ್ಯಾಸ್ಟ್ರಿಕ್ ಬೈಪಾಸ್ ಹುಟ್ಟುವುದಕ್ಕೂ ಅರವತ್ತು ವರ್ಷಕ್ಕಿಂತ ಮೊದಲು!

ಆ ಡ್ಯೂಟಿ ಡಾಕ್ಟರಿಗೆ, ನಿದ್ದೆಯಿಂದೆದ್ದು ಬಂದ ಸರ್ಜನ್‌ಗೆ, ರಾತ್ರಿ ಎರಡು ಗಂಟೆಗೆ ಫೋನೆತ್ತಿ ನನ್ನ ಹಳೇ ಆಪರೇಷನ್‌ನ ವಿವರವನ್ನೆಲ್ಲ ವಾಟ್ಸಾಪ್‌ನಲ್ಲಿ ಕಳಿಸಿದ ಬೆಂಗಳೂರಿನ ಡಾಕ್ಟರಿಗೆ ಏನು ಹೇಳಲಿ? ಕಂದಿಹೋಗಿದ್ದ ಕರುಳು ತಿರುಚು ಬಿಡಿಸಿದ ಮೇಲೆ ಬಣ್ಣ ತಿರುಗಿತಂತೆ. ಒಂದಿಂಚೂ ಕತ್ತರಿಸಬೇಕಾಗಲಿಲ್ಲ. ಸಂದಿಗಳನ್ನು ಕರಗದ ದಾರದಲ್ಲಿ ಹೊಲಿದರು. ಹಣ ಹೊಂದಿಸಿಕೊಂಡು ಬೆಳಗಿನ ಜಾವ ಕೌಂಟರ್ ಮುಂದೆ ನಿಂತಿದ್ದು ಮೈದುನ. ಯಾರಿಂದ ತಂದೆ ಅಂತ ಇವತ್ತಿಗೂ ಬಾಯಿ ಬಿಟ್ಟಿಲ್ಲ.

"ಇಷ್ಟೆಲ್ಲ ಅನುಭವಿಸೋ ಬದಲು ವಾಕಿಂಗ್ ಮಾಡ್ಬಹುದಿತ್ತಲ್ವಾ?" ಅಂದವರೂ ಇದ್ದಾರೆ. ಅವರಿಗೆ ನನ್ನ ಬಳಿ ಉತ್ತರವಿಲ್ಲ, ಸಮಯವೂ ಇಲ್ಲ. ಆಪರೇಷನ್ ಮಾಡಿಸಿಕೊಂಡದ್ದಕ್ಕೆ ನನಗೆ ಬೇಜಾರಿಲ್ಲ. ಇನ್ಸುಲಿನ್ ಇಲ್ಲದೆ ಇಷ್ಟು ವರ್ಷ ಕಳೆದಿದ್ದೇನೆ, ಮೂರನೇ ಮಹಡಿಯ ಲ್ಯಾಬಿಗೆ ಹತ್ತಿ ಹೋಗುತ್ತೇನೆ. ನನ್ನ ಸಿಟ್ಟು ಜಾಹೀರಾತುಗಳ ಮೇಲೆ. ಮೊದಲಿನ ಫೋಟೊ, ಆಮೇಲಿನ ಫೋಟೊ ಅಂತ ಎರಡೇ ಹಾಕುತ್ತಾರೆ. ಆರನೇ ವರ್ಷದ ಫೋಟೊ ಯಾರೂ ಹಾಕುವುದಿಲ್ಲ. ಪ್ಯಾಕೇಜಿನ ಹಣದಲ್ಲಿ ಆಪರೇಷನ್ ಸೇರಿರುತ್ತದೆ, ಜೀವನಪೂರ್ತಿ ಬೇಕಾಗುವ ರಕ್ತ ಪರೀಕ್ಷೆ, ಬಿ12 ಇಂಜೆಕ್ಷನ್ ಸೇರಿರುವುದಿಲ್ಲ. ಮಾಡಿಸಿಕೊಳ್ಳುವವರು ದಯವಿಟ್ಟು ಅದನ್ನೂ ಲೆಕ್ಕ ಹಾಕಿ, ನಿಮ್ಮೂರಿನಲ್ಲೇ ನೋಡಿಕೊಳ್ಳುವ ಡಾಕ್ಟರ್ ಯಾರು ಅಂತ ಮೊದಲೇ ಕೇಳಿಟ್ಟುಕೊಳ್ಳಿ.

ಮಗ ನನಗೊಂದು ಕಾರ್ಡ್ ಲ್ಯಾಮಿನೇಟ್ ಮಾಡಿಸಿಕೊಟ್ಟಿದ್ದಾನೆ, ಒಂದು ಬದಿ ಕನ್ನಡ, ಇನ್ನೊಂದು ಬದಿ ಇಂಗ್ಲಿಷ್. "ಗ್ಯಾಸ್ಟ್ರಿಕ್ ಬೈಪಾಸ್ ಆಗಿದೆ, ಹೃದಯದ್ದಲ್ಲ. ಜೋರು ಹೊಟ್ಟೆನೋವು ಬಂದರೆ ಇಂಟರ್ನಲ್ ಹರ್ನಿಯಾ ಇದೆಯಾ ನೋಡಿ, ಸರ್ಜನ್‌ಗೆ ತಿಳಿಸಿ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಬೇಡ. ನಡುಗುತ್ತಿದ್ದರೆ ಶುಗರ್ ನೋಡಿ." ಕೆಳಗೆ ಡಾಕ್ಟರ್ ನಂಬರ್. ಇಂಥ ಆಪರೇಷನ್ ಆದವರಿಗೆ ಬೇಕಿದ್ದರೆ ಫೈಲ್ ಕಳಿಸುತ್ತೇನೆ, ನಿಮ್ಮ ಡಾಕ್ಟರಿಗೆ ತೋರಿಸಿ ತಿದ್ದಿಸಿಕೊಳ್ಳಿ.

ಬರುವ ಭಾನುವಾರ ಮನೆಯಲ್ಲಿ ಸಣ್ಣ ಊಟ ಇಟ್ಟುಕೊಂಡಿದ್ದೇವೆ. ಮೇಲೆ ಹೇಳಿದವರೆಲ್ಲ ಬರಬೇಕು, ಮೆಡಿಕಲ್ ಶಾಪ್ ತಮ್ಮ ಅಂಗಡಿಗೆ ಒಂದು ಗಂಟೆ ಬಾಗಿಲು ಹಾಕಿಯಾದರೂ ಬರಬೇಕು. ಅತ್ತೆ ಹೋಳಿಗೆ ಮಾಡುತ್ತಾರೆ. ಬಡಿಸುವವಳು ನಾನೇ. ಎಲೆ ಮುಂದೆ ಕೂತು ಸಾಕು ಅಂದರೆ ನಾನು ಕೇಳುವುದಿಲ್ಲ.